ಧ್ರುವ ನಕ್ಷತ್ರ ಕಾಣದ ತೋಟದ ಮನೆಯಿಂದ ನೀಹಾರಿಕೆ ಫೋಟೋ ತೆಗೆಯೋದು ಹೇಗೆ?

ಪ್ರಶ್ನೆ: ಸರ್, ನಮ್ಮನೆ ತೀರ್ಥಹಳ್ಳಿ ಹತ್ರ. ಸುತ್ತ ಅಡಿಕೆ ತೋಟ, ಉತ್ತರಕ್ಕೆ ಗುಡ್ಡ. ನನ್ನ ಹತ್ರ ನಿಕಾನ್ ಡಿ5600 ಇದೆ, ಜೊತೆಗೆ 50 ಎಂಎಂ ಎಫ್/1.8 ಮತ್ತು 70-300 ಝೂಮ್. ಈಗ ಆಕಾಶದ ಜೊತೆ ಕ್ಯಾಮೆರಾನ ನಿಧಾನಕ್ಕೆ ತಿರುಗಿಸೋ ಸ್ಟಾರ್ ಟ್ರ್ಯಾಕರ್ ಒಂದು ತಗೊಂಡಿದೀನಿ. ಮೊಬೈಲ್ ಕಂಪಾಸ್ ನೋಡ್ಕೊಂಡು ಉತ್ತರಕ್ಕೆ ತಿರುಗಿಸಿ, 300 ಎಂಎಂನಲ್ಲಿ ಒರಾಯನ್ ನೀಹಾರಿಕೆಗೆ 2 ನಿಮಿಷ ಎಕ್ಸ್‌ಪೋಷರ್ ಕೊಟ್ರೆ ನಕ್ಷತ್ರ ಎಲ್ಲ ಗೀಟು ಗೀಟು. ಧ್ರುವ ನಕ್ಷತ್ರ ನಮ್ಮ ಅಂಗಳದಿಂದ ಕಾಣೋದೇ ಇಲ್ಲ. ಟ್ರ್ಯಾಕರ್ ಹಾಳಾಗಿದ್ಯಾ? ಟೆಲಿಸ್ಕೋಪ್ ತಗೋಬೇಕಾ, ಇಲ್ಲ ಕ್ಯಾಮೆರಾ ಮಾಡಿಫೈ ಮಾಡಿಸ್ಬೇಕಾ?

ಉತ್ತರ:

ಟ್ರ್ಯಾಕರ್ ಸರಿಯಾಗೇ ಇರೋ ಸಾಧ್ಯತೆ ಜಾಸ್ತಿ. ಆದ್ರೆ ಊಹೆ ಮೇಲೆ ಬಿಡೋದು ಬೇಡ, ಆ ಗೀಟು ಬಿದ್ದ ಫೋಟೋ ಡಿಲೀಟ್ ಮಾಡಿಲ್ಲ ಅಂದ್ರೆ ಅದರಲ್ಲೇ ಉತ್ತರ ಇದೆ. ಕಂಪ್ಯೂಟರ್‌ನಲ್ಲಿ ಪೂರ್ತಿ ಝೂಮ್ ಮಾಡಿ ಒಂದು ನಕ್ಷತ್ರದ ಗೀಟು ಎಷ್ಟು ಪಿಕ್ಸೆಲ್ ಉದ್ದ ಇದೆ ಅಂತ ಅಳೀರಿ. ಲೆಕ್ಕ ಹೀಗೆ: ಭೂಮಿ ತಿರುಗೋದ್ರಿಂದ ಆಕಾಶ ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯತ್ತೆ, ಒಂದು ಡಿಗ್ರಿ ಅಂದ್ರೆ 3600 ಆರ್ಕ್‌ಸೆಕೆಂಡ್. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ 3.9 ಮೈಕ್ರಾನ್, ಅದನ್ನ 206ರಿಂದ ಗುಣಿಸಿ ಲೆನ್ಸಿನ ಎಂಎಂನಿಂದ ಭಾಗಿಸಿದ್ರೆ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಜಾಗ ನೋಡತ್ತೆ ಅಂತ ಬರತ್ತೆ, 300 ಎಂಎಂಗೆ ಅದು ಸುಮಾರು 2.7 ಆರ್ಕ್‌ಸೆಕೆಂಡ್. ಹಾಗಾಗಿ ಟ್ರ್ಯಾಕರ್ ಓಡ್ತಾನೇ ಇರ್ಲಿಲ್ಲ ಅಂದ್ರೆ 2 ನಿಮಿಷದಲ್ಲಿ ಗೀಟು 670 ಪಿಕ್ಸೆಲ್ ಆಸುಪಾಸು ಇರ್ಬೇಕು. ಅದರ ಎರಡರಷ್ಟು, 1300ರ ಮೇಲೆ ಇದ್ರೆ ಟ್ರ್ಯಾಕರ್ ಉಲ್ಟಾ ತಿರುಗ್ತಿದೆ, ದಕ್ಷಿಣ ಗೋಳಾರ್ಧದ ಸೆಟ್ಟಿಂಗ್‌ನಲ್ಲಿದೆ, ಎನ್-ಎಸ್ ಅಂತ ಒಂದು ಸ್ವಿಚ್ ಅಥವಾ ಆ್ಯಪ್‌ನಲ್ಲಿ ಒಂದು ಆಯ್ಕೆ ಇರತ್ತೆ, ಬದಲಾಯಿಸಿ, ಅಷ್ಟೇ. 50-60 ಪಿಕ್ಸೆಲ್ ಇದ್ರೆ ಟ್ರ್ಯಾಕರ್ ತನ್ನ ಕೆಲಸ ಮಾಡ್ತಿದೆ, ಆದ್ರೆ ಅದು ಸುತ್ತೋ ಅಕ್ಷ ಧ್ರುವಕ್ಕೆ, ಅಂದ್ರೆ ಆಕಾಶ ಯಾವ ಬಿಂದುವಿನ ಸುತ್ತ ತಿರುಗೋ ಹಾಗೆ ಕಾಣತ್ತೋ ಅದಕ್ಕೆ, ನೇರ ಇರೋ ಬದಲು ನಾಲ್ಕೈದು ಡಿಗ್ರಿ ಆಚೆ ಎಲ್ಲೋ ನೋಡ್ತಿದೆ. ಮೊಬೈಲ್ ಕಂಪಾಸ್ ನಂಬಿದ್ರೆ ಸಾಮಾನ್ಯವಾಗಿ ಆಗೋದೇ ಇದು. ನಮ್ಮ ಕಡೆ ಕಾಂತ ಉತ್ತರಕ್ಕೂ ನಿಜ ಉತ್ತರಕ್ಕೂ ವ್ಯತ್ಯಾಸ ಹೆಚ್ಚಿಲ್ಲ, ಆದ್ರೆ ಟ್ರ್ಯಾಕರ್ ಮೋಟಾರು, ಪಕ್ಕದಲ್ಲಿ ನಿಲ್ಸಿದ ಬೈಕು, ಅಂಗಳದ ಕಬ್ಬಿಣದ ಗೇಟು ಇವೆಲ್ಲ ಫೋನಿನ ಕಂಪಾಸನ್ನ ಸುಲಭವಾಗಿ ಐದು ಡಿಗ್ರಿ ಎಳೀತಾವೆ.

ಈಗ ಒಂದು ಲೆಕ್ಕ ಮನಸ್ಸಲ್ಲಿ ಇಟ್ಕೊಳಿ, ಮುಂದೆ ಹೇಳೋದೆಲ್ಲ ಇದರ ಮೇಲೇ ನಿಂತಿದೆ. ಅಕ್ಷ ಧ್ರುವದಿಂದ 1 ಡಿಗ್ರಿ ತಪ್ಪಿದ್ರೆ ನಕ್ಷತ್ರ ಹೆಚ್ಚು ಅಂದ್ರೆ ನಿಮಿಷಕ್ಕೆ 16 ಆರ್ಕ್‌ಸೆಕೆಂಡ್ ಜಾರತ್ತೆ. 300 ಎಂಎಂನಲ್ಲಿ ಅದು ನಿಮಿಷಕ್ಕೆ 6 ಪಿಕ್ಸೆಲ್, ಗೀಟು ಕಣ್ಣಿಗೆ ಹೊಡೆಯತ್ತೆ. 135 ಎಂಎಂನಲ್ಲಿ ಎರಡೂವರೆ ಪಿಕ್ಸೆಲ್, ನಕ್ಷತ್ರ ಮೊಟ್ಟೆ ಥರ ಉದ್ದ ಆಗತ್ತೆ. 50 ಎಂಎಂನಲ್ಲಿ ಒಂದೇ ಒಂದು ಪಿಕ್ಸೆಲ್, ಯಾರಿಗೂ ಕಾಣಲ್ಲ. ಅದೇ ತಪ್ಪು, ಅದೇ ಟ್ರ್ಯಾಕರ್, ಅದೇ ರಾತ್ರಿ. ಅಂದ್ರೆ ನಿಮಗೆ ಆಗ್ತಿರೋ ತೊಂದ್ರೆಗೆ ಕಾರಣ ಸಾಮಾನು ಕಮ್ಮಿ ಇರೋದಲ್ಲ, ಇರೋ ಅಲೈನ್‌ಮೆಂಟ್‌ಗೆ, ಅಂದ್ರೆ ಅಕ್ಷನ ಧ್ರುವಕ್ಕೆ ಗುರಿ ಇಟ್ಟಿರೋದಕ್ಕೆ, ತುಂಬಾ ಉದ್ದದ ಲೆನ್ಸ್ ಹಾಕಿರೋದು. ಅಲೈನ್‌ಮೆಂಟ್ ಎಷ್ಟು ಚೆನ್ನಾಗಿದೆಯೋ ಅಷ್ಟೇ ಉದ್ದದ ಲೆನ್ಸ್ ಹಾಕಿ, ಈ ಸೀಸನ್ ಪೂರ್ತಿ ಇದನ್ನ ಪಾಲಿಸಿದ್ರೆ ಟೆಲಿಸ್ಕೋಪ್ ಯೋಚನೆ ತಾನಾಗೇ ಮುಂದಕ್ಕೆ ಹೋಗತ್ತೆ.

ಧ್ರುವ ನಕ್ಷತ್ರದ ವಿಷಯಕ್ಕೆ ಬರೋಣ, ಯಾಕಂದ್ರೆ ಮಲೆನಾಡಲ್ಲಿ ಇದು ಎಲ್ಲರ ಸಮಸ್ಯೆ. ಧ್ರುವ ಎಷ್ಟು ಎತ್ತರದಲ್ಲಿ ಕಾಣತ್ತೆ ಅನ್ನೋದು ಆ ಊರಿನ ಅಕ್ಷಾಂಶದಷ್ಟೇ, ತೀರ್ಥಹಳ್ಳಿಗೆ 13.7 ಡಿಗ್ರಿ, ಶಿವಮೊಗ್ಗಕ್ಕೆ 13.9, ಸಾಗರಕ್ಕೆ 14.2. ಇದು ಬಹಳ ಕೆಳಗೆ. ಒಂದು ಕಿಲೋಮೀಟರ್ ದೂರದಲ್ಲಿ 250 ಮೀಟರ್ ಎತ್ತರದ ಗುಡ್ಡ ಇದ್ರೆ ಸಾಕು, ಧ್ರುವ ಮುಚ್ಚಿಹೋಯ್ತು. 15 ಮೀಟರ್ ಎತ್ತರದ ಅಡಿಕೆ ಮರ 60 ಮೀಟರ್ ದೂರ ಇದ್ರೂ ಅಷ್ಟೇ. ಗುಡ್ಡ ಇಲ್ದಿದ್ರೂ ಆ ಎತ್ತರದಲ್ಲಿ ಮಂಜು, ಹೊಗೆ ಸೇರಿ ಎಷ್ಟೋ ರಾತ್ರಿ ಧ್ರುವ ಮಂಕಾಗಿ ಕಾಣದೇ ಹೋಗತ್ತೆ. ಯುರೋಪ್ ಅಮೆರಿಕದವರು ಮಾಡೋ ವಿಡಿಯೋಗಳಲ್ಲಿ ಧ್ರುವ ಅವರ ತಲೆ ಮೇಲೆ 40-50 ಡಿಗ್ರಿಯಲ್ಲಿ ಇರತ್ತೆ, ಗುರಿ ಹಿಡಿಯೋಕೆ ಇರೋ ಪುಟ್ಟ ದುರ್ಬೀನು, ಪೋಲಾರ್ ಸ್ಕೋಪ್‌ನಲ್ಲಿ ಕಣ್ಣಿಟ್ಟು ಎರಡು ನಿಮಿಷದಲ್ಲಿ ಮುಗಿಸ್ತಾರೆ, ನಾವು ಅದನ್ನೇ ನೋಡ್ಕೊಂಡು ಇಲ್ಲಿ ಮಾಡೋಕೆ ಹೋದ್ರೆ ಬೇಜಾರಾಗೋದು ಸಹಜ. ಆದ್ರೆ ಧ್ರುವ ಕಾಣದೇನೂ ಉತ್ತರ ಹಿಡಿಯೋಕೆ ಎರಡು ದಾರಿ ಇದೆ, ಒಂದು ಹಗಲಲ್ಲಿ, ಒಂದು ರಾತ್ರಿ.

ಹಗಲಿನದು ನನಗೆ ಬಹಳ ಇಷ್ಟ. ಸೂರ್ಯ ನಡು ನೆತ್ತಿಯ ಗೆರೆ ದಾಟೋ ಹೊತ್ತಲ್ಲಿ ನೆರಳು ಸರಿಯಾಗಿ ಉತ್ತರ-ದಕ್ಷಿಣ ಬೀಳತ್ತೆ, ನಿಜ ಉತ್ತರ, ಕಾಂತದ ಉತ್ತರ ಅಲ್ಲ. ಆದ್ರೆ ಆ ಹೊತ್ತು ಗಡಿಯಾರದ 12 ಗಂಟೆ ಅಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು, ತೀರ್ಥಹಳ್ಳಿ 75.2ರಲ್ಲಿದೆ, ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮಗೆ ಸೂರ್ಯ ಸರಾಸರಿ 29 ನಿಮಿಷ ತಡವಾಗಿ ನೆತ್ತಿಗೆ ಬರ್ತಾನೆ. ಅದರ ಮೇಲೆ ವರ್ಷದ ಏರುಪೇರು ಬೇರೆ ಇದೆ: ನವೆಂಬರ್ ಶುರುವಲ್ಲಿ ಮಧ್ಯಾಹ್ನ 12.13ರ ಹೊತ್ತಿಗೆ, ಡಿಸೆಂಬರ್ 25ರ ಆಸುಪಾಸು 12.29ಕ್ಕೆ, ಫೆಬ್ರವರಿ ಶುರುವಲ್ಲಿ 12.43ರ ಹತ್ರ. ಆ ದಿನದ ನಿಖರ ಸಮಯ ಬೇಕಂದ್ರೆ ಸೂರ್ಯೋದಯ-ಸೂರ್ಯಾಸ್ತದ ಸಮಯ ತಗೊಂಡು ಸರಿಯಾಗಿ ಮಧ್ಯ ಯಾವುದು ನೋಡಿ, ಅದೇ. ಗಾರೆ ಕೆಲಸದವರು ಗೋಡೆ ನೆಟ್ಟಗಿದ್ಯಾ ನೋಡೋಕೆ ಇಳಿಬಿಡ್ತಾರಲ್ಲ, ಗುಂಡು ಕಟ್ಟಿದ ದಾರ, ಅದನ್ನ ಅಂಗಳದ ಮೇಲೆ ಎತ್ತರದಲ್ಲಿ ತೂಗುಹಾಕಿ, ಆ ನಿಮಿಷಕ್ಕೆ ದಾರದ ನೆರಳು ಎಲ್ಲಿ ಬೀಳತ್ತೋ ಅಲ್ಲಿ ಎರಡು ಕಡೆ ಗುರುತು ಹಾಕಿ ಗೆರೆ ಎಳೀರಿ. ಚಳಿಗಾಲದಲ್ಲಿ ಸಮಯ ಒಂದು ನಿಮಿಷ ತಪ್ಪಿದ್ರೂ ಗೆರೆ ಅರ್ಧ ಡಿಗ್ರಿ ಒಳಗೇ ತಪ್ಪತ್ತೆ. ಸಿಮೆಂಟ್ ಅಂಗಳ ಆದ್ರೆ ಪೇಂಟಲ್ಲಿ ಬರೆದಿಡಿ, ವರ್ಷಗಟ್ಟಲೆ ಬರತ್ತೆ. ಗದ್ದೆಯಲ್ಲಾದ್ರೆ ಎರಡು ಗೂಟ ಹೊಡೀರಿ.

ರಾತ್ರಿ ಟ್ರೈಪಾಡಿನ ಒಂದು ಕಾಲು ಆ ಗೆರೆ ಮೇಲೆ ಉತ್ತರಕ್ಕೆ ಬರೋ ಥರ ಇಡಿ. ಇಲ್ಲಿ ಅಕ್ಷ ಹೆಚ್ಚು ಕಮ್ಮಿ ಅಡ್ಡ ಮಲಗಿರೋದ್ರಿಂದ ಕ್ಯಾಮೆರಾ ಭಾರ ಎಲ್ಲ ಉತ್ತರದ ಕಡೆಗೆ ಚಾಚಿಕೊಂಡಿರತ್ತೆ, ಕೆಳಗೆ ಒಂದು ಕಾಲು ಇಲ್ಲ ಅಂದ್ರೆ ಮುಗ್ಗರಿಸಿದ ಹಾಗೇ. ಕೌಂಟರ್‌ವೇಟ್, ಅಂದ್ರೆ ಸಮತೂಕಕ್ಕೆ ಹಾಕೋ ಭಾರ, ಇದ್ರೆ ಅದು ತಿರುಗ್ತಾ ಟ್ರೈಪಾಡ್ ಕಾಲಿಗೆ ತಾಗತ್ತಾ ಅಂತ ಹಗಲೇ ಒಂದು ಸುತ್ತು ತಿರುಗಿಸಿ ನೋಡಿ, ನಮ್ಮ ಅಕ್ಷಾಂಶದಲ್ಲಿ ಅದು ನಿಜವಾಗ್ಲೂ ತಾಗತ್ತೆ. ಟ್ರೈಪಾಡ್ ತಲೆ ಮಟ್ಟಸ ಮಾಡಿ, ಟ್ರ್ಯಾಕರ್ ಮೇಲೆ ಫೋನಿನ ಲೆವೆಲ್ ಆ್ಯಪ್ ಇಟ್ಟು ಅದನ್ನ 13.7 ಡಿಗ್ರಿಗೆ ಓರೆ ಮಾಡಿ, ಗೆರೆಗೆ ನೇರ ಮಾಡಿ. ಇಷ್ಟು ಸಾವಧಾನವಾಗಿ ಮಾಡಿದ್ರೆ 1 ಡಿಗ್ರಿ ಒಳಗೆ ಬಂದೇ ಬರತ್ತೆ, ಅಂದ್ರೆ ನಿಮ್ಮ 50 ಎಂಎಂ ಲೆನ್ಸಿಗೆ ಅವತ್ತೇ ರಾತ್ರಿ 30 ಸೆಕೆಂಡಿನಿಂದ 1 ನಿಮಿಷ ಎಕ್ಸ್‌ಪೋಷರ್ ಆರಾಮಾಗಿ ಸಿಗತ್ತೆ. ಹೋಲಿಕೆಗೆ ಹೇಳ್ತೀನಿ, ಧ್ರುವ ಕಾಣೋ ಜಾಗದಲ್ಲಿ ಅದಕ್ಕೇ ನೇರ ಗುರಿ ಇಟ್ರೂ ಅರ್ಧ ಡಿಗ್ರಿ ಮೀರಿದ ತಪ್ಪು ಇದ್ದೇ ಇರತ್ತೆ, ಯಾಕಂದ್ರೆ ಧ್ರುವ ನಕ್ಷತ್ರ ನಿಜವಾದ ಧ್ರುವದಲ್ಲಿಲ್ಲ, ಅದರಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಪಕ್ಕದಲ್ಲಿದೆ. ಹಾಗಾಗಿ ಅಂಗಳದ ಗೆರೆ ಇರೋ ನೀವು ಅವರಿಗಿಂತ ಬಹಳ ಹಿಂದೆ ಏನಿಲ್ಲ.

ಮುಂದೆ 135 ಎಂಎಂ, 200 ಎಂಎಂಗೆ ಹೋಗೋ ಆಸೆ ಇದ್ರೆ ರಾತ್ರಿಯ ವಿಧಾನ ಕಲೀಲೇಬೇಕು, ಡ್ರಿಫ್ಟ್ ಅಲೈನ್‌ಮೆಂಟ್ ಅಂತಾರೆ. ಮಹಾವ್ಯಾಧನ, ಅಂದ್ರೆ ಒರಾಯನ್ ನಕ್ಷತ್ರಪುಂಜದ, ನಡುಪಟ್ಟಿಯ ಮೂರು ನಕ್ಷತ್ರ ಗೊತ್ತಲ್ಲ, ಅದರಲ್ಲಿ ಮೊದಲು ಹುಟ್ಟೋದು ಮಿಂಟಾಕಾ. ಅದು ಖಗೋಳ ವಿಷುವದ್ವೃತ್ತದ, ಅಂದ್ರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯ, ಮೇಲೇ ಇದೆ ಅನ್ನಬಹುದು, ಕಾಲು ಡಿಗ್ರಿಯಷ್ಟೇ ಆಚೆ, ಡ್ರಿಫ್ಟ್ ನೋಡೋಕೆ ಹೇಳಿ ಮಾಡಿಸಿದ ನಕ್ಷತ್ರ. ಇಲ್ಲಿ ನಿಮ್ಮ 70-300 ಉಪಯೋಗಕ್ಕೆ ಬರತ್ತೆ, ಫೋಟೋ ತೆಗೆಯೋಕಲ್ಲ, ಅಳೆಯೋಕೆ. 300 ಎಂಎಂ ಇಟ್ಟು ಮಿಂಟಾಕಾನ ಫ್ರೇಮಿನ ಮಧ್ಯ ತನ್ನಿ. ಟ್ರ್ಯಾಕರ್ ಆಫ್ ಮಾಡಿ ಒಂದು 20 ಸೆಕೆಂಡ್ ಫೋಟೋ ತೆಗೀರಿ, ಗೀಟು ಬೀಳತ್ತೆ, ಅದು ಪೂರ್ವ-ಪಶ್ಚಿಮದ ಗೆರೆ. ಕ್ಯಾಮೆರಾ ಕೂರಿಸಿರೋ ಬಾಲ್ ಹೆಡ್ ಸಡಿಲ ಮಾಡಿ ಆ ಗೀಟು ಫ್ರೇಮಿನ ಉದ್ದದ ಅಂಚಿಗೆ ಸಮಾನಾಂತರ ಬರೋ ತನಕ ಕ್ಯಾಮೆರಾ ತಿರುಗಿಸಿ. ಈಗ ಟ್ರ್ಯಾಕರ್ ಆನ್, ಒಂದು 5 ಸೆಕೆಂಡಿನ ಫೋಟೋ, 5 ನಿಮಿಷ ಬಿಟ್ಟು ಇನ್ನೊಂದು. ಎರಡನ್ನೂ ಸ್ಕ್ರೀನ್ ಮೇಲೆ ಝೂಮ್ ಮಾಡಿ ಹಿಂದೆ ಮುಂದೆ ಮಾಡ್ತಾ ನೋಡಿ, ನಕ್ಷತ್ರ ಮೇಲಕ್ಕೆ ಹೋಯ್ತಾ ಕೆಳಕ್ಕೆ ಬಂತಾ ಅಷ್ಟೇ ಮುಖ್ಯ, ಎಡ-ಬಲಕ್ಕೆ ಸರಿದಿದ್ದನ್ನ ಲೆಕ್ಕಕ್ಕೆ ತಗೋಬೇಡಿ, ಅದು ಬಹುಪಾಲು ಗಿಯರ್ ತಪ್ಪು.

ಮಿಂಟಾಕಾ ನೆತ್ತಿ ಹತ್ರ ಇರೋವಾಗ, ತಿರುಗೋ ಸ್ಕ್ರೀನ್ ನಿಮ್ಮ ಕ್ಯಾಮೆರಾದಲ್ಲಿ ಇರೋದ್ರಿಂದ ಕುತ್ತಿಗೆ ನೋವಿಲ್ಲ, ದಕ್ಷಿಣಕ್ಕೆ ಮುಖ ಮಾಡಿ ಕ್ಯಾಮೆರಾ ನೆಟ್ಟಗೆ ಹಿಡಿದಿದ್ರೆ ಫ್ರೇಮಿನ ಮೇಲ್ಭಾಗ ಉತ್ತರ. ಆಗ ನಕ್ಷತ್ರ ದಕ್ಷಿಣಕ್ಕೆ ಜಾರಿದ್ರೆ ನಿಮ್ಮ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಜಾರಿದ್ರೆ ಪಶ್ಚಿಮಕ್ಕೆ ವಾಲಿದೆ. 5 ನಿಮಿಷಕ್ಕೆ 29 ಪಿಕ್ಸೆಲ್ ಹತ್ರ ಜಾರಿದ್ರೆ ತಪ್ಪು 1 ಡಿಗ್ರಿ, ಆ ಪ್ರಮಾಣದಲ್ಲಿ ತಿರುಗಿಸಿ ಮತ್ತೆ ನೋಡಿ. ಓರೆ ಸರಿ ಇದ್ಯಾ ನೋಡೋಕೆ ಪೂರ್ವದಲ್ಲಿ ಇರೋ ನಕ್ಷತ್ರ ಬೇಕು, ಸಂಜೆ ಮಿಂಟಾಕಾನೇ ಪೂರ್ವದಲ್ಲಿ 30 ಡಿಗ್ರಿ ಏರಿದಾಗ ನೋಡಬಹುದು: ದಕ್ಷಿಣಕ್ಕೆ ಜಾರಿದ್ರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದ್ರೆ ಎತ್ತರ ಆಗಿದೆ. ಆದ್ರೆ ಪೂರ್ವದಲ್ಲಿ ನೋಡುವಾಗ ಫ್ರೇಮಿನಲ್ಲಿ ಉತ್ತರ ಯಾವ ಕಡೆ ಅಂತ ಮೊದಲು ಖಚಿತ ಮಾಡ್ಕೊಳಿ, ಕ್ಯಾಮೆರಾನ ಸ್ವಲ್ಪ ಎಡಕ್ಕೆ, ಅಂದ್ರೆ ಉತ್ತರಕ್ಕೆ ತಳ್ಳಿದ್ರೆ ನಕ್ಷತ್ರ ಫ್ರೇಮಲ್ಲಿ ಯಾವ ಕಡೆಗೆ ಹೋಗತ್ತೋ ಅದು ದಕ್ಷಿಣದ ಅಂಚು. ಎರಡೂ ದಿಕ್ಕಲ್ಲಿ 5 ನಿಮಿಷಕ್ಕೆ 5 ಪಿಕ್ಸೆಲ್ ಒಳಗೆ ಬಂದ್ರೆ ತಪ್ಪು 10 ಆರ್ಕ್‌ಮಿನಿಟ್ ಹತ್ರ ಬಂತು, 135 ಎಂಎಂಗೆ 2 ನಿಮಿಷ ಎಕ್ಸ್‌ಪೋಷರ್‌ಗೂ ಅದು ಸಾಕು. ಜನವರಿ ಕೊನೆಗೆ ಮಿಂಟಾಕಾ ನೆತ್ತಿಗೆ ಬರೋದು ರಾತ್ರಿ ಒಂಬತ್ತೂವರೆ ಹೊತ್ತಿಗೆ, ಡಿಸೆಂಬರ್ ಮಧ್ಯದಲ್ಲಾದ್ರೆ ಮಧ್ಯರಾತ್ರಿ ದಾಟಿದ ಮೇಲೆ, ಅದಕ್ಕೇ ಕಲಿಯೋರಿಗೆ ಜನವರಿ-ಫೆಬ್ರವರಿ ಅಮಾವಾಸ್ಯೆ ಒಳ್ಳೇದು ಅಂತೀನಿ.

ಗಿಯರ್ ತಪ್ಪು ಅಂದೆನಲ್ಲ, ಅದನ್ನೂ ಹೇಳ್ಬಿಡ್ತೀನಿ. ಟ್ರ್ಯಾಕರ್ ಒಳಗೆ ಒಂದು ವರ್ಮ್ ಗಿಯರ್ ಇರತ್ತೆ, ಅಂದ್ರೆ ಹಲ್ಲಿನ ಚಕ್ರನ ತಿರುಗಿಸೋ ಸ್ಕ್ರೂ ಥರದ ದಂಡ, 144 ಹಲ್ಲಿನ ಚಕ್ರ ಆದ್ರೆ ವರ್ಮ್ 10 ನಿಮಿಷಕ್ಕೆ ಒಂದು ಸುತ್ತು ಬರತ್ತೆ, ಆ ಸುತ್ತಲ್ಲಿ ಒಂದಷ್ಟು ಹೊತ್ತು ಮುಂದೆ ಓಡತ್ತೆ, ಒಂದಷ್ಟು ಹೊತ್ತು ಹಿಂದೆ ಬೀಳತ್ತೆ. ಅಲೈನ್‌ಮೆಂಟ್ ಎಷ್ಟೇ ಕರೆಕ್ಟಾಗಿದ್ರೂ ಇದು ಇರತ್ತೆ. 300 ಎಂಎಂನಲ್ಲಿ ಇದಕ್ಕೇ ಅರ್ಧ ಫ್ರೇಮ್ ಎಸೆಯಬೇಕಾಗಬಹುದು, 50 ಎಂಎಂಗೆ ಗೊತ್ತೇ ಆಗಲ್ಲ.

ಹಾಗಾದ್ರೆ 50 ಎಂಎಂನಲ್ಲಿ ನೀಹಾರಿಕೆ ಕಾಣತ್ತಾ ಅಂತ ಕೇಳ್ತೀರ. ಕಾಣತ್ತೆ, ಮತ್ತೆ ನಿಮ್ಮ ಝೂಮ್‌ಗಿಂತ ಬೇಗ ಕಾಣತ್ತೆ. ನಕ್ಷತ್ರ ಒಂದು ಚುಕ್ಕಿ, ನೀಹಾರಿಕೆ ಹರಡಿಕೊಂಡಿರೋ ಬೆಳಕು, ಹರಡಿದ ಬೆಳಕು ಸೆನ್ಸರ್ ಮೇಲೆ ಎಷ್ಟು ಪ್ರಕಾಶಮಾನವಾಗಿ ಬೀಳತ್ತೆ ಅನ್ನೋದು ಎಫ್ ನಂಬರ್ ಮೇಲೆ ಹೋಗತ್ತೆ. ಎಫ್/2.8ಕ್ಕೂ ಎಫ್/5.6ಕ್ಕೂ ನಾಲ್ಕು ಪಟ್ಟು ವ್ಯತ್ಯಾಸ, ಒಂದು ಗಂಟೆಯ ಕೆಲಸ ಕಾಲು ಗಂಟೆಯಲ್ಲಿ. ಲೆನ್ಸ್ ಅಂದ್ರೆ ಟೆಲಿಸ್ಕೋಪ್ ಇಲ್ಲದವರ ಸಮಾಧಾನ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ತಪ್ಪು. ಒರಾಯನ್ ನೀಹಾರಿಕೆಯ ಮೊದಲ ಫೋಟೋನ 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ 11 ಇಂಚಿನ ಟೆಲಿಸ್ಕೋಪಲ್ಲಿ 51 ನಿಮಿಷ ಎಕ್ಸ್‌ಪೋಷರ್ ಕೊಟ್ಟು ತೆಗೆದ್ರು, ಸರಿ. ಆದ್ರೆ ಮಹಾವ್ಯಾಧನ ಅರ್ಧ ಸುತ್ತುವರಿದಿರೋ ಆ ದೊಡ್ಡ ಕೆಂಪು ಕಮಾನು, ಬಾರ್ನಾರ್ಡ್ಸ್ ಲೂಪ್, ಅದನ್ನ 1894ರಲ್ಲಿ ಎಡ್ವರ್ಡ್ ಬಾರ್ನಾರ್ಡ್ ಫೋಟೋದಲ್ಲಿ ಹಿಡಿದಿದ್ದು ಒಂದು ಪುಟ್ಟ ಲೆನ್ಸ್‌ನಿಂದ, ಅವರು ಕೆಲಸ ಮಾಡ್ತಿದ್ದ ಲಿಕ್ ವೀಕ್ಷಣಾಲಯದಲ್ಲಿ 36 ಇಂಚಿನ ಟೆಲಿಸ್ಕೋಪ್ ಇದ್ದಾಗಲೂ. ಹತ್ತು ಡಿಗ್ರಿ ಅಗಲದ ವಸ್ತು ದೊಡ್ಡ ಟೆಲಿಸ್ಕೋಪಿನ ಕಿಂಡಿಯಲ್ಲಿ ಹಿಡಿಸೋದೇ ಇಲ್ಲ. ನಿಮ್ಮ 50 ಎಂಎಂ ಆ ಕ್ಯಾಮೆರಾ ಮೇಲೆ 26 ಡಿಗ್ರಿ ಉದ್ದ, ಸುಮಾರು 18 ಡಿಗ್ರಿ ಅಗಲ ನೋಡತ್ತೆ, ಆರ್ದ್ರಾದಿಂದ ಹಿಡಿದು ಕಾಲಿನ ನಕ್ಷತ್ರಗಳ ತನಕ ಇಡೀ ಮಹಾವ್ಯಾಧ ಬಂದ ಹಾಗೆ.

ಕೆಂಪು ಅಂದ ತಕ್ಷಣ ಮಾಡಿಫಿಕೇಷನ್ ಪ್ರಶ್ನೆ. ನೀಹಾರಿಕೆಯ ಕೆಂಪು ಬೆಳಕು ಬಹುಪಾಲು ಹೈಡ್ರೋಜನ್ ಆಲ್ಫಾ, 656.3 ನ್ಯಾನೋಮೀಟರ್. ಮಾಮೂಲಿ ಕ್ಯಾಮೆರಾದ ಸೆನ್ಸರ್ ಮುಂದೆ ಇರೋ ಫಿಲ್ಟರ್ ಮನುಷ್ಯರ ಮುಖದ ಬಣ್ಣ ಚೆನ್ನಾಗಿ ಬರ್ಲಿ ಅಂತ ಅಲ್ಲಿಂದಾಚೆ ಕೆಂಪನ್ನ ತಡೀತಾ ಹೋಗತ್ತೆ, ಆ ಬೆಳಕಲ್ಲಿ ಸುಮಾರು ಕಾಲು ಭಾಗ ಅಷ್ಟೇ ಒಳಗೆ ಬಿಡತ್ತೆ. ಕಂಪನಿಯವರೇ ಆ ಫಿಲ್ಟರ್ ಬದಲಾಯಿಸಿ ಮಾರಿದ ಕ್ಯಾಮೆರಾಗಳೂ ಇದ್ವು, ಕ್ಯಾನನ್ 60ಡಿಎ, ನಿಕಾನ್ ಡಿ810ಎ. ಆದ್ರೆ ನೀವು ಈಗ್ಲೇ ಡಿ5600 ಬಿಚ್ಚಿಸೋದು ಬೇಡ ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ. ಒರಾಯನ್ ನೀಹಾರಿಕೆ, ಅಂದ್ರೆ ಎಂ42, ಕೆಂಪಿನ ಜೊತೆ ಆಕ್ಸಿಜನ್ನಿನ ಹಸಿರು-ನೀಲಿ ಬೆಳಕನ್ನೂ ಧಾರಾಳವಾಗಿ ಕೊಡತ್ತೆ, ಅದು ಮಾಮೂಲಿ ಕ್ಯಾಮೆರಾಗೇ ಸೊಗಸಾಗಿ ಬರತ್ತೆ. ಕೃತ್ತಿಕೆಯ ಸುತ್ತ ಇರೋ ನೀಲಿ ಮಬ್ಬು ಧೂಳಿನ ಮೇಲೆ ನಕ್ಷತ್ರದ ಬೆಳಕು ಬಿದ್ದು ಬರೋದು, ಅದಕ್ಕೆ ಮಾಡಿಫೈ ಮಾಡಿದ ಕ್ಯಾಮೆರಾದಿಂದ ಏನೂ ಲಾಭ ಇಲ್ಲ. ಫೆಬ್ರವರಿ-ಮಾರ್ಚಲ್ಲಿ ಬೆಳಗಿನ ಜಾವ ಜ್ಯೇಷ್ಠಾ ನಕ್ಷತ್ರದ ಸುತ್ತ ಕಾಣೋ ಹಳದಿ-ನೀಲಿ ಮೋಡಗಳೂ ಅಷ್ಟೇ. ರೋಸೆಟ್, ಕುದುರೆ ತಲೆ, ಬಾರ್ನಾರ್ಡ್ಸ್ ಲೂಪ್ ಈ ನೀಹಾರಿಕೆಗಳು ಮಾಮೂಲಿ ಕ್ಯಾಮೆರಾದಲ್ಲಿ ತೆಳುವಾಗಿ, ಹೆಚ್ಚು ಹೊತ್ತು ಕೊಟ್ರೆ ಬರ್ತಾವೆ. ಕ್ಯಾಲಿಫೋರ್ನಿಯಾ ನೀಹಾರಿಕೆ ಮಾತ್ರ ನಿಜವಾಗ್ಲೂ ಕಷ್ಟ.

ಸೆಟ್ಟಿಂಗ್ ಹೇಳ್ತೀನಿ. 50 ಎಂಎಂನ ಪೂರ್ತಿ ತೆರೆದು ಎಫ್/1.8ರಲ್ಲಿ ಇಟ್ರೆ ಮೂಲೆಯ ನಕ್ಷತ್ರಗಳು ಹಕ್ಕಿ ರೆಕ್ಕೆ ಥರ ಹರಡ್ತಾವೆ, ಎಫ್/2.8ಕ್ಕೆ ತಗ್ಗಿಸಿ. ಐಎಸ್‌ಒ 800 ಅಥವಾ 1600, ರಾ ಫೈಲ್, ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್, ಝೂಮ್ ಹಾಕಿದಾಗ ವಿಆರ್, ಅಂದ್ರೆ ಕೈ ನಡುಕ ಸರಿದೂಗಿಸೋದು, ಆಫ್. 30 ಸೆಕೆಂಡ್ ತನಕ ಕ್ಯಾಮೆರಾದೊಳಗಿನ ಇಂಟರ್ವಲ್ ಟೈಮರೇ ಸಾಕು, ಅದಕ್ಕಿಂತ ಜಾಸ್ತಿಗೆ ರಿಮೋಟ್ ಬೇಕು. ಫೋಕಸ್‌ಗೆ ಮಾತ್ರ ಅವಸರ ಮಾಡ್ಬೇಡಿ. ಲುಬ್ಧಕ ನಕ್ಷತ್ರಾನ ಲೈವ್ ವ್ಯೂನಲ್ಲಿ ಪೂರ್ತಿ ದೊಡ್ಡದು ಮಾಡಿ, ಮ್ಯಾನುಯಲ್‌ನಲ್ಲಿ ರಿಂಗ್ ಕೂದಲೆಳೆಯಷ್ಟು ತಿರುಗಿಸ್ತಾ ಚುಕ್ಕಿ ಅತಿ ಸಣ್ಣದಾಗಿ, ಪಕ್ಕದಲ್ಲಿ ಮೊದಲು ಕಾಣದಿದ್ದ ಸಣ್ಣ ನಕ್ಷತ್ರಗಳು ಮೂಡೋ ಜಾಗಕ್ಕೆ ತನ್ನಿ. ನಕ್ಷತ್ರದ ಅಂಚಲ್ಲಿ ಒಂದು ಕಡೆ ತಿರುಗಿಸಿದ್ರೆ ಕೆಂಪು, ಇನ್ನೊಂದು ಕಡೆ ತಿರುಗಿಸಿದ್ರೆ ಹಸಿರು-ನೀಲಿ ಛಾಯೆ ಬರತ್ತೆ, ಎರಡರ ಮಧ್ಯ ಬಣ್ಣ ಇಲ್ಲದ ಜಾಗ ಇರತ್ತಲ್ಲ ಅಲ್ಲಿ ನಿಲ್ಲಿಸಿ ರಿಂಗ್‌ಗೆ ಟೇಪ್ ಹಚ್ಚಿ. ಗಂಟೆಗೊಂದು ಸಲ ಮತ್ತೆ ನೋಡಿ, ಚಳಿ ಏರಿದ ಹಾಗೆ ಫೋಕಸ್ ಸರಿಯತ್ತೆ.

ಆಮೇಲೆ ತಾಳ್ಮೆ. ಒಂದು 30 ಸೆಕೆಂಡ್ ಫ್ರೇಮಲ್ಲಿ ಎಂ42 ಒಂದು ಮಸುಕು ಹೂವಿನ ಹಾಗೆ ಕಾಣಬಹುದು ಅಷ್ಟೇ. ಅಂಥ 240 ಫ್ರೇಮ್ ಸೇರಿಸಿದ್ರೆ 2 ಗಂಟೆ ಬೆಳಕು. ನಾಯ್ಸ್ ಇಳಿಯೋದು ಫ್ರೇಮುಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ, ಅಂದ್ರೆ ಚಿತ್ರ ಎರಡರಷ್ಟು ಶುಭ್ರ ಆಗ್ಬೇಕಂದ್ರೆ ನಾಲ್ಕರಷ್ಟು ಹೊತ್ತು ಬೇಕು. ಹಾಗಾಗಿ ಒಂದೇ ರಾತ್ರಿ ಐದು ನೀಹಾರಿಕೆ ಸುತ್ತೋದಕ್ಕಿಂತ ಒಂದರ ಮೇಲೇ ಕೂತ್ಕೊಳಿ. ಹತ್ತು ಹದಿನೈದು ಫ್ರೇಮಿಗೊಂದು ಸಲ ಕ್ಯಾಮೆರಾನ ಚೂರು ಸರಿಸಿ, ಇಲ್ಲಾಂದ್ರೆ ಸೆನ್ಸರಿನ ನಾಯ್ಸ್ ಎಲ್ಲ ಒಂದೇ ದಿಕ್ಕಿಗೆ ಮಳೆಗೆರೆ ಥರ ಎದ್ದು ಕಾಣತ್ತೆ, ಅಲೈನ್‌ಮೆಂಟ್ ಪೂರ್ತಿ ಸರಿ ಇಲ್ಲದವರಿಗೆ ಇದು ಖಂಡಿತ ಬರತ್ತೆ. ಎಂ42ರ ಮಧ್ಯಭಾಗ ಬಹಳ ಪ್ರಕಾಶ, ಅದು ಬೆಳ್ಳಗೆ ಸುಟ್ಟುಹೋಗತ್ತೆ, ಅದಕ್ಕೆ ಅಂತ 5 ಸೆಕೆಂಡಿನ ಒಂದಷ್ಟು ಫ್ರೇಮ್ ಬೇರೆ ತೆಗೆದಿಡಿ. ಕೊನೆಗೆ ಮುಚ್ಚಳ ಹಾಕಿ ಅದೇ ಐಎಸ್‌ಒ ಅದೇ ಹೊತ್ತಿಗೆ 20-30 ಡಾರ್ಕ್ ಫ್ರೇಮ್, ಇದು ಸೆನ್ಸರಿನ ನಾಯ್ಸ್ ಕಳೆಯೋಕೆ. ಬೆಳಗಾಗುವಾಗ ಫೋಕಸ್ ಮುಟ್ಟದೇ ಲೆನ್ಸ್ ಮುಂದೆ ಒಗೆದ ಬಿಳಿ ಪಂಚೆ ಎರಡು ಪದರ ಬಿಗಿಯಾಗಿ ಹಿಡಿದು, ಮೇಲಿನ ಆಕಾಶಕ್ಕೆ ಮುಖ ಮಾಡಿ 20-30 ಫ್ಲ್ಯಾಟ್ ಫ್ರೇಮ್, ಇದು ಮೂಲೆ ಕತ್ತಲನ್ನೂ ಧೂಳಿನ ಕಲೆಯನ್ನೂ ತೆಗೆಯತ್ತೆ. ಜೋಡಿಸೋಕೆ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್, ಎರಡೂ ಉಚಿತ ಸಾಫ್ಟ್‌ವೇರ್, ಸಿರಿಲ್‌ನಲ್ಲಿ ಹಿನ್ನೆಲೆಯ ಬೆಳಕು ಕಳೆಯೋದೂ ಬಣ್ಣ ಸರಿ ಮಾಡೋದೂ ಇದೆ, ಇದರ ಪಾಠಗಳು ಬೇಕಾದಷ್ಟು ಸಿಗ್ತಾವೆ, ಇಲ್ಲಿ ಉದ್ದ ಮಾಡಲ್ಲ.

ನಮ್ಮ ಹವೆ ಬಗ್ಗೆ ಮಾತ್ರ ಯಾವ ಪಾಠದಲ್ಲೂ ಇರಲ್ಲ. ಜೂನ್‌ನಿಂದ ಸೆಪ್ಟೆಂಬರ್ ಆಕಾಶ ಮರೆತುಬಿಡಿ, ಅಕ್ಟೋಬರ್ ನಂಬೋಕಾಗಲ್ಲ, ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ ತನಕ ನಮ್ಮ ಕಾಲ. ಮಾರ್ಚ್ ಆದ್ರೆ ಕಾಡ್ಗಿಚ್ಚಿನ ಹೊಗೆ ಶುರು. ಅದೇ ಚಳಿಗಾಲ ಅಡಿಕೆ ಕೊಯ್ಲಿನ ಕಾಲವೂ ಹೌದು. ಸಂಜೆ ಅಡಿಕೆ ಬೇಯ್ಸೋ ಒಲೆ ಹೊಗೆ ಗಾಳಿ ಇಲ್ಲದ ರಾತ್ರಿ ಕಣಿವೆಯಲ್ಲೇ ಹಾಸಿಕೊಂಡು ಮಲಗತ್ತೆ, ಸುಲಿಯೋ ಚಪ್ಪರದ ಎಲ್‌ಇಡಿ ಆ ಹೊಗೆ ಮೇಲೆ ಬಿದ್ದು ಆಕಾಶ ಪೂರ್ತಿ ಬೆಳ್ಳಗೆ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಕೆಲಸ ಮುಗಿದ ಮೇಲೆ ಹೊರಗಿನ ಲೈಟ್ ಆರಿಸಿ ಅಂತ, ಊರಲ್ಲಿ ಯಾರೂ ಇಲ್ಲ ಅನ್ನಲ್ಲ. ಕೊಯ್ಲು ಮುಗಿದ ಗದ್ದೆ ಬಯಲು ಹತ್ರ ಇದ್ರೆ ತೋಟದ ಅಂಗಳಕ್ಕಿಂತ ಆಕಾಶ ಎಷ್ಟೋ ಜಾಸ್ತಿ ಸಿಗತ್ತೆ, ಆದ್ರೆ ಅಲ್ಲಿ ಇಬ್ಬನಿಯೂ ಜಾಸ್ತಿ. ಲೆನ್ಸ್ ಮೇಲೆ ಇಬ್ಬನಿ ಕೂತಿದ್ದು ಕತ್ತಲಲ್ಲಿ ಗೊತ್ತಾಗಲ್ಲ, ಫ್ರೇಮುಗಳು ನಿಧಾನಕ್ಕೆ ಮಸುಕಾಗ್ತಾ ಹೋಗಿರತ್ತೆ. ಪವರ್ ಬ್ಯಾಂಕಿಗೆ ಹಾಕೋ ಯುಎಸ್‌ಬಿ ಹೀಟರ್ ಪಟ್ಟಿ ಸಿಗತ್ತೆ, ಲೆನ್ಸ್ ಮುಂಭಾಗಕ್ಕೆ ಸುತ್ತಿ ಶುರುವಿನಿಂದಲೇ ಆನ್ ಇಡಿ, ಇಬ್ಬನಿ ಕೂತ ಮೇಲಲ್ಲ. ಹುಡ್ ತೆಗೀಬೇಡಿ. ಮನೆ ಒಳಗೆ ತರುವಾಗ ಕ್ಯಾಮೆರಾನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ತಂದು ಬೆಚ್ಚಗಾದ ಮೇಲೆ ಬಿಚ್ಚಿ. ಮಳೆಗಾಲದ ನಾಲ್ಕು ತಿಂಗಳು ಲೆನ್ಸನ್ನ ಬ್ಯಾಗಲ್ಲಿ ಬಿಟ್ರೆ ಫಂಗಸ್ ಖಂಡಿತ, ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ಬಣ್ಣ ಬದಲಾದಾಗೆಲ್ಲ ಬಿಸಿ ಮಾಡಿ ಒಣಗಿಸಿ ಹಾಕಿ. ಮತ್ತೆ ಆಕಾಶ ಚೆನ್ನಾಗಿದೆ ಅಂತ ರಾತ್ರಿ ಒಬ್ರೇ ಕಾಡಂಚಿಗೆ ಹೋಗ್ಬೇಡಿ, ಕಾಡುಕೋಣ, ಹಂದಿ ಗದ್ದೆಗೆ ಇಳಿಯೋ ಹೊತ್ತೂ ಅದೇ.

ಟ್ರ್ಯಾಕರ್ ದುಡ್ಡು ಹೊಂದಿಸೋಕಾಗದ ನಿಮ್ಮ ಸ್ನೇಹಿತರಿದ್ರೆ ಅವರಿಗೂ ಒಂದು ದಾರಿ ಇದೆ. ಎರಡು ಹಲಗೆ, ಒಂದು ಬಾಗಿಲಿನ ಹಿಂಜ್, ಒಂದು ಎಂ6 ಬೋಲ್ಟ್. ಎಂ6 ಬೋಲ್ಟ್ ಒಂದು ಸುತ್ತಿಗೆ 1 ಮಿಲಿಮೀಟರ್ ಏರತ್ತೆ, ಹಿಂಜಿನ ಮಧ್ಯದಿಂದ ಸರಿಯಾಗಿ 228.6 ಮಿಲಿಮೀಟರ್ ದೂರಕ್ಕೆ ಅದನ್ನ ಕೂರಿಸಿ ನಿಮಿಷಕ್ಕೊಂದು ಸುತ್ತು ಕೈಯಲ್ಲೇ ತಿರುಗಿಸಿದ್ರೆ ಹಲಗೆ ಆಕಾಶದ ವೇಗದಲ್ಲೇ ತೆರ್ಕೊಳತ್ತೆ. ಯಾವ ವರ್ಕ್‌ಶಾಪಲ್ಲೂ ಮಾಡಿಕೊಡ್ತಾರೆ. ಹಿಂಜ್ ಧ್ರುವಕ್ಕೆ ನೇರ ಇರ್ಬೇಕು, ಅದಕ್ಕೂ ನಿಮ್ಮ ಅಂಗಳದ ಗೆರೆನೇ ಸಾಕು. 50 ಎಂಎಂ ತನಕ ಇದು ಚೆನ್ನಾಗಿ ಕೆಲಸ ಮಾಡತ್ತೆ, ಐದು ಹತ್ತು ನಿಮಿಷಕ್ಕೊಮ್ಮೆ ಬೋಲ್ಟ್ ವಾಪಸ್ ಇಳಿಸಿ ಶುರು ಮಾಡ್ಬೇಕು ಅಷ್ಟೇ.

ಟೆಲಿಸ್ಕೋಪ್ ಬೇಡ ಅಂದ ಮೇಲೆ ಏನು ತಗೋಬೇಕು ಅಂತ ಕೇಳಿದ್ರೆ, ಮೊದಲು ಹೀಟರ್ ಪಟ್ಟಿ, ಆಮೇಲೆ ರಿಮೋಟ್, ಡ್ರಿಫ್ಟ್ ಅಲೈನ್‌ಮೆಂಟ್ ಕೈಗೆ ಹತ್ತಿದ ಮೇಲೆ ಒಂದು 135 ಎಂಎಂ ಎಫ್/2. ಸ್ಯಾಮ್‌ಯಾಂಗ್‌ನವರ ಆ ಲೆನ್ಸ್ ಪೂರ್ತಿ ತೆರೆದಾಗಲೂ ಮೂಲೆ ತನಕ ನಕ್ಷತ್ರ ಚುಕ್ಕಿಯಾಗೇ ಇಡತ್ತೆ, ಆಟೋಫೋಕಸ್ ಇಲ್ಲ, ನಮಗೆ ಬೇಕಾಗೂ ಇಲ್ಲ. 10 ಡಿಗ್ರಿಗೆ ಆರೂವರೆ ಡಿಗ್ರಿ ಚೌಕಟ್ಟು, ನಡುಪಟ್ಟಿ, ಕುದುರೆ ತಲೆ, ಎಂ42 ಮೂರೂ ಒಟ್ಟಿಗೆ ಬರ್ತಾವೆ. ಅದು ಕೈಗೆ ಬರೋದು ಮಾರ್ಚ್ ಆಯ್ತು ಅಂದ್ರೂ ಬೇಜಾರಾಗ್ಬೇಡಿ, ದಕ್ಷಿಣಕ್ಕೆ ತೆರೆದಿರೋ ಜಾಗ ಹುಡುಕಿಡಿ. ಒರಾಯನ್ ನೀಹಾರಿಕೆಗಿಂತ ದೊಡ್ಡದಾದ ಕ್ಯಾರಿನಾ ನೀಹಾರಿಕೆ ಯುರೋಪಿನವರಿಗೆ ಹುಟ್ಟೋದೇ ಇಲ್ಲ, ನಮಗೆ ದಕ್ಷಿಣದಲ್ಲಿ 16 ಡಿಗ್ರಿ ಮೇಲೆ ಬರತ್ತೆ, ಏಪ್ರಿಲ್ ಶುರುವಿಗೆ ರಾತ್ರಿ ಹತ್ತೂವರೆ ಹೊತ್ತಿಗೆ ಅದು ಅತಿ ಎತ್ತರದಲ್ಲಿರತ್ತೆ, ಹಿಂದಿನ ದಿನ ಒಂದು ಗುಡುಗು ಮಳೆ ಬಿದ್ದು ಹೊಗೆ ತೊಳೆದಿದ್ರೆ ಆ ರಾತ್ರಿ ಬಿಡ್ಬೇಡಿ.